ಪಿಟಿ ಮೇಷ್ಟ್ರಿಗೆ ಪಾಠ ಹೇಳಿದವರು

ಪಿಟಿ ಪೀರಿಯಡ್ ಅಂದ್ರೆ ನನಗೆ ಮೊದಲು ಕೇಳಿಸೋದು ವಿಷಲ್ಲು, ಆಮೇಲೆ ‘ಸಾವಧಾನ್, ವಿಶ್ರಾಮ್’. ಆಟದ ಹೊತ್ತಿಗೆ ಈ ಸೇನೆಯ ಗತ್ತು ಯಾಕೆ?

ಬ್ರಿಟಿಷರ ಕಾಲದಲ್ಲಿ ಎಷ್ಟೋ ಶಾಲೆಗಳು ಡ್ರಿಲ್ ಮಾಡಿಸೋಕೆ ಮಾಜಿ ಸೈನಿಕರನ್ನೇ ಇಟ್ಕೊಳ್ತಿದ್ವು. ಅವರಿಗೆ ಕವಾಯತು ಚೆನ್ನಾಗಿ ಗೊತ್ತು. ಹದಿಮೂರು, ಹದಿನಾಲ್ಕರ ಮಕ್ಕಳ ಮೈ-ಮನಸ್ಸಿಗೆ ಏನು ಬೇಕು ಅನ್ನೋದನ್ನ ಅವರಿಗೆ ಯಾರೂ ಕಲಿಸಿರಲಿಲ್ಲ.

1920ರಲ್ಲಿ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್, ವೈಎಂಸಿಎ ಕಡೆಯಿಂದ, ಪಿಟಿ ಮೇಷ್ಟ್ರುಗಳಿಗೇ ಒಂದು ತರಬೇತಿ ಶಾಲೆ ಶುರು ಮಾಡಿದರು. ಮೊದಲಿಗೆ ಬೆರಳೆಣಿಕೆಯ ವಿದ್ಯಾರ್ಥಿಗಳು. ಆಟ ಕಲಿಸೋದಕ್ಕೂ ಓದಬೇಕು ಅನ್ನೋದೇ ಆಗ ಹೊಸ ಮಾತು. ಆಟಗಳ ನಿಯಮದ ಪುಸ್ತಕವನ್ನೂ ಬಕ್ ತಂದರು. (1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಕೂಡ ಇವರೇ!) ಆ ಕಾಲೇಜು ಚೆನ್ನೈನಲ್ಲಿ ಇವತ್ತೂ ಇದೆ.

ಮೇಷ್ಟ್ರು ಸಿಕ್ಕರು, ಸರಿ. ಪೀರಿಯಡ್ಡು? ವಿಶ್ವ ಆರೋಗ್ಯ ಸಂಸ್ಥೆಯ 2016ರ ಲೆಕ್ಕ ನೋಡಿ: ಜಗತ್ತಿನ 11ರಿಂದ 17 ವರ್ಷದವರಲ್ಲಿ 81% ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯ ಓಡಾಟವೂ ಇಲ್ಲ, ಹುಡುಗಿಯರಲ್ಲಂತೂ 85%. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂತು ಅಂದ್ರೆ ಪಿಟಿ ಪೀರಿಯಡ್ ಗಣಿತಕ್ಕೆ ಸಾಲ ಹೋಗುತ್ತೆ. ಸಾಲ ಅನ್ನೋದು ಹೆಸರಿಗೆ ಮಾತ್ರ, ಬಿಕಾಂ ಓದಿದವನು ಹೇಳ್ತಿದೀನಿ, ಅದು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ.

ನಿಮ್ಮ ಶಾಲೇಲಿ ಹುಡುಗೀರ ಕೈಗೆ ಬಾಲ್ ಕೊಡ್ತಿದ್ರಾ? ವಾಯ್ಸ್ ನೋಟ್ ಕಳಿಸಿ.