ಅರಸನ ಸಾಲ, ಪ್ರಜೆಗಳ ನಂಬಿಕೆ: ಹದಿನೆಂಟನೆಯ ಶತಮಾನದ ಫ್ರಾನ್ಸಿನ ರಾಜ್ಯವಿತ್ತ

ಕ್ರಿ.ಶ. 1788ರ ಆಗಸ್ಟ್ 16ರಂದು ಫ್ರಾನ್ಸಿನ ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಿತು. ಬೊಕ್ಕಸದಿಂದ ಸಲ್ಲಬೇಕಾದ ಹಣದಲ್ಲಿ ಒಂದು ಭಾಗವನ್ನು ಇನ್ನು ಮುಂದೆ ನಾಣ್ಯವಾಗಿ ಕೊಡಲಾಗುವುದಿಲ್ಲ, ಅದಕ್ಕೆ ಬದಲಾಗಿ ಬಡ್ಡಿ ಬರುವ ಪತ್ರಗಳನ್ನು ಕೊಡಲಾಗುವುದು ಎಂಬುದು ಅದರ ತಾತ್ಪರ್ಯ. ಮಾತು ಎಷ್ಟೇ ನಯವಾಗಿದ್ದರೂ ಅರ್ಥ ಎಲ್ಲರಿಗೂ ತಿಳಿದಿದ್ದಿತು: ಹದಿನಾರನೆಯ ಲೂಯಿಯ ಬೊಕ್ಕಸ ಬರಿದಾಗಿದ್ದಿತು. ಆಗಿನ ಫ್ರಾನ್ಸು ಬಡ ದೇಶವಾಗಿರಲಿಲ್ಲ. ಎರಡೂವರೆ ಕೋಟಿಗೂ ಮೀರಿದ ಜನಸಂಖ್ಯೆ, ಫಲವತ್ತಾದ ನೆಲ, ಬೋರ್ಡೋ, ನಾಂತ್ ಮೊದಲಾದ ರೇವುಗಳ ಸಮೃದ್ಧ ವಾಣಿಜ್ಯ, ಯೂರೋಪಿಗೆಲ್ಲ ಮಾದರಿಯೆನಿಸಿದ ಕಲೆ ಮತ್ತು ನಾಗರಿಕತೆ ಅದಕ್ಕಿದ್ದವು. ಇಂತಹ ದೇಶದ ದೊರೆ ಸಾಲಗಾರರ ಮುಂದೆ ಕೈಚೆಲ್ಲಿದುದೇಕೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ವಿಚಾರ ಮಾಡಲು ಯತ್ನಿಸಿದ್ದೇವೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಒಂದುಂಟು: ವರ್ಸೇಲ್ಸ್ ಅರಮನೆಯ ದುಂದುವೆಚ್ಚ, ರಾಣಿ ಮರೀ ಆಂತ್ವಾನೆತ್ತಳ ವಿಲಾಸ. ಈ ಉತ್ತರವು ಅಂಕಿಗಳ ಮುಂದೆ ನಿಲ್ಲುವುದಿಲ್ಲ. 1788ರ ಆಯವ್ಯಯದ ಲೆಕ್ಕದಂತೆ ರಾಜ್ಯದ ಒಟ್ಟು ವೆಚ್ಚ ಸುಮಾರು 63 ಕೋಟಿ ಲಿವ್ರ್, ಆದಾಯ ಸುಮಾರು 50 ಕೋಟಿ ಲಿವ್ರ್. ವೆಚ್ಚದಲ್ಲಿ ಅರಮನೆ ಮತ್ತು ರಾಜಪರಿವಾರಕ್ಕೆ ಸಲ್ಲುತ್ತಿದ್ದುದು ನೂರಕ್ಕೆ ಆರು ಪಾಲಿನಷ್ಟು. ಸೈನ್ಯ, ನೌಕಾಬಲ ಮತ್ತು ವಿದೇಶ ವ್ಯವಹಾರಗಳಿಗೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಹಿಂದಿನ ಸಾಲಗಳ ಬಡ್ಡಿ ಮತ್ತು ಮರುಪಾವತಿಗೆ ಅರ್ಧದಷ್ಟು, ಎಂದರೆ 31 ಕೋಟಿ ಲಿವ್ರಿಗೂ ಮೇಲೆ. ಅರಮನೆಯ ದೀಪಗಳನ್ನೆಲ್ಲ ಆರಿಸಿದ್ದರೂ ಕೊರತೆಯ ಮೂರನೆಯ ಒಂದು ಪಾಲೂ ತುಂಬುತ್ತಿರಲಿಲ್ಲ. ಆದುದರಿಂದ ನಮ್ಮ ಪ್ರಶ್ನೆಯು ಸಾಲದ ಪ್ರಶ್ನೆಯೇ ಆಗಿದೆ.

ಸಾಲಕ್ಕೆ ಮೂಲ ಯುದ್ಧ. ಹದಿನಾಲ್ಕನೆಯ ಲೂಯಿ 1715ರಲ್ಲಿ ತೀರಿಕೊಂಡಾಗಲೇ ರಾಜ್ಯವು ಋಣಭಾರದಿಂದ ಬಾಗಿದ್ದಿತು. ಅನಂತರ ಆಸ್ಟ್ರಿಯದ ಉತ್ತರಾಧಿಕಾರದ ಯುದ್ಧ, 1756ರಿಂದ 1763ರವರೆಗಿನ ಸಪ್ತವಾರ್ಷಿಕ ಯುದ್ಧ, ಕಡೆಯಲ್ಲಿ 1778ರಿಂದ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಇಂಗ್ಲೆಂಡಿನೊಡನೆ ಯುದ್ಧ. ಈ ಕೊನೆಯ ಯುದ್ಧವೊಂದಕ್ಕೇ 100 ಕೋಟಿ ಲಿವ್ರಿಗೂ ಹೆಚ್ಚು ಹಣ ವೆಚ್ಚವಾಯಿತು. ಆದರೆ ಯುದ್ಧ ಮಾಡಿದವರು ಫ್ರೆಂಚರು ಮಾತ್ರವಲ್ಲ. ಯುದ್ಧದ ವೆಚ್ಚವನ್ನು ಹೊರುವುದಕ್ಕೆ ಆ ಶತಮಾನದ ಅರಸುಗಳು ಬೇರೆ ಬೇರೆ ದಾರಿಗಳನ್ನು ಹಿಡಿದರು. ಪ್ರಷ್ಯದ ಒಂದನೆಯ ಫ್ರೆಡರಿಕ್ ವಿಲಿಯಂ ಮಿತವ್ಯಯದಿಂದ ಹಣವನ್ನು ಕೂಡಿಟ್ಟು, 1740ರಲ್ಲಿ ಸಾಯುವಾಗ ಮಗನಿಗೆ ಸುಮಾರು 80 ಲಕ್ಷ ಥೇಲರುಗಳ ಭಂಡಾರವನ್ನು ಬಿಟ್ಟುಹೋದನು. ಇಂಗ್ಲೆಂಡು ಸಾಲ ಮಾಡಿತು. 1783ರಲ್ಲಿ ಅದರ ರಾಷ್ಟ್ರಋಣವು 23 ಕೋಟಿ ಪೌಂಡುಗಳಿಗೂ ಮೀರಿದ್ದಿತು. ತಲೆಗೆ ಹಂಚಿ ನೋಡಿದರೆ ಫ್ರಾನ್ಸಿನ ಸಾಲಕ್ಕಿಂತ ಅದು ಎಷ್ಟೋ ಹೆಚ್ಚು. ಆದರೂ ದಿವಾಳಿಯೆದ್ದುದು ಫ್ರಾನ್ಸೇ ಹೊರತು ಇಂಗ್ಲೆಂಡಲ್ಲ. ಹೀಗಿರಲು ಸಾಲದ ಮೊತ್ತವೊಂದನ್ನೇ ನೋಡಿದರೆ ಸಾಲದು. ಸಾಲ ಮಾಡಿದವನು ಯಾರು, ಅವನ ಮಾತಿಗೆ ಎಷ್ಟು ಬೆಲೆ ಎಂಬುದನ್ನೂ ನೋಡಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಸಾಲಕ್ಕೆ ಹೊಣೆ ಪಾರ್ಲಿಮೆಂಟು. ಬಡ್ಡಿಯನ್ನು ಸಲ್ಲಿಸಲು ಇಂತಹ ತೆರಿಗೆಯೆಂದು ಅದು ಕಾನೂನಿನಿಂದ ಗೊತ್ತುಮಾಡುತ್ತಿದ್ದಿತು. ಲೆಕ್ಕವು ಸಭೆಯ ಮುಂದೆ ಬರುತ್ತಿದ್ದಿತು. 1694ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಸಾಲದ ವ್ಯವಹಾರವನ್ನು ನಡೆಸುತ್ತಿದ್ದಿತು. ಹಣ ಕೊಟ್ಟವರಲ್ಲಿ ಹಲವರು ಆ ಸಭೆಯಲ್ಲಿಯೇ ಕುಳಿತವರು. ಅದರಿಂದ ಶಾಂತಿಕಾಲದಲ್ಲಿ ನೂರಕ್ಕೆ ಮೂರು ನಾಲ್ಕರ ಬಡ್ಡಿಗೆ ಹಣ ದೊರೆಯುತ್ತಿದ್ದಿತು. ಫ್ರಾನ್ಸಿನಲ್ಲಾದರೋ ಸಾಲ ಮಾಡುವವನು ದೊರೆ, ಕಾನೂನನ್ನು ಮಾಡುವವನೂ ದೊರೆ, ಲೆಕ್ಕವು ರಾಜರಹಸ್ಯ. ಋಣವನ್ನು ತೀರಿಸೆಂದು ಅವನನ್ನು ಬಲಾತ್ಕರಿಸುವ ಶಕ್ತಿ ರಾಜ್ಯದಲ್ಲಿ ಯಾವುದೂ ಇರಲಿಲ್ಲ. ನಿರಂಕುಶತೆಯು ಬಲವೆಂದು ತೋರಿದರೂ ಸಾಲದ ಸಂತೆಯಲ್ಲಿ ಅದೇ ದೌರ್ಬಲ್ಯವಾಯಿತು.

ಈ ಸಂಶಯಕ್ಕೆ ಪೂರ್ವಾನುಭವದ ಆಧಾರವಿದ್ದಿತು. ಸ್ಕಾಟ್ಲೆಂಡಿನ ಜಾನ್ ಲಾ ಎಂಬಾತನು 1716ರಲ್ಲಿ ಪ್ಯಾರಿಸಿನಲ್ಲಿ ಬ್ಯಾಂಕೊಂದನ್ನು ತೆರೆದು, ರಾಜಋಣವನ್ನು ವ್ಯಾಪಾರ ಸಂಸ್ಥೆಯ ಷೇರುಗಳಾಗಿ ಮಾರ್ಪಡಿಸುವ ಸಾಹಸಕ್ಕೆ ಕೈಹಾಕಿದನು. 500 ಲಿವ್ರ್ ಮುಖಬೆಲೆಯ ಷೇರು 10,000 ಲಿವ್ರಿನವರೆಗೆ ಏರಿತು. 1720ರಲ್ಲಿ ಎಲ್ಲವೂ ಕುಸಿದುಬಿದ್ದಿತು. ಲಾ ದೇಶ ಬಿಟ್ಟು ಓಡಿಹೋದನು. ಬ್ಯಾಂಕೆಂಬ ಹೆಸರೇ ಫ್ರೆಂಚರ ಕಿವಿಗೆ ಬಹುಕಾಲ ಅಪಶಕುನವಾಯಿತು. 1770ರಲ್ಲಿ ಅರ್ಥಸಚಿವ ಅಬ್ಬೆ ತೆರ್ರೆಯು ಹಲವು ಬಗೆಯ ಸಾಲಗಳ ಬಡ್ಡಿಯನ್ನು ಕಡಿತಗೊಳಿಸಿ, ಕೆಲವದರ ಮರುಪಾವತಿಯನ್ನೇ ನಿಲ್ಲಿಸಿಬಿಟ್ಟನು. ಹೀಗೆ ಒಂದು ಸಲ ಮಾತು ತಪ್ಪಿದ ದೊರೆಯು ಮುಂದಿನ ಸಲ ಹೆಚ್ಚು ಬಡ್ಡಿಯನ್ನು ತೆರಲೇಬೇಕು. ಹೆಚ್ಚು ಬಡ್ಡಿ ತೆತ್ತವನು ಮತ್ತೆ ಮಾತು ತಪ್ಪಬೇಕಾದ ಸ್ಥಿತಿಗೆ ಬೇಗನೆ ಬರುತ್ತಾನೆ.

ಆಜೀವ ವರ್ಷಾಶನದ ಸಾಲಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನು ಸರ್ಕಾರಕ್ಕೆ ಹಣ ಕೊಟ್ಟರೆ, ಅವನು ಹೆಸರಿಸಿದ ವ್ಯಕ್ತಿ ಬದುಕಿರುವವರೆಗೆ ಪ್ರತಿವರ್ಷವೂ ಗೊತ್ತಾದ ಮೊಬಲಗು ಸಲ್ಲುತ್ತಿದ್ದಿತು. ವ್ಯಕ್ತಿಯ ವಯಸ್ಸು ಎಷ್ಟೇ ಇರಲಿ, ದರವು ಬಹುಮಟ್ಟಿಗೆ ಒಂದೇ, ನೂರಕ್ಕೆ ಹತ್ತರ ಆಸುಪಾಸು. ಜಿನೀವದ ಬ್ಯಾಂಕರುಗಳು ಇದರ ಮರ್ಮವನ್ನು ತಿಳಿದರು. ತಮ್ಮ ಊರಿನ ಅನುಕೂಲಸ್ಥ ಮನೆತನಗಳಿಂದ, ಸಿಡುಬು ಬಂದು ಗುಣವಾಗಿದ್ದ ಆರೋಗ್ಯವಂತ ಹೆಣ್ಣುಮಕ್ಕಳನ್ನು ಮೂವತ್ತರಂತೆ ಆರಿಸಿ, ಅವರ ಆಯುಸ್ಸಿನ ಮೇಲೆ ಹಣ ಹೂಡಿದರು. ಮಗುವಿನ ನಾಡಿ ನಡೆಯುವವರೆಗೆ ಫ್ರಾನ್ಸಿನ ತೆರಿಗೆಯ ಹಣ ಜಿನೀವಕ್ಕೆ ಹರಿಯುತ್ತಿದ್ದಿತು. ಗಣಿತಶಾಸ್ತ್ರದಲ್ಲಿ ಅಗ್ರಗಣ್ಯವಾಗಿದ್ದ ರಾಷ್ಟ್ರದ ಸರ್ಕಾರವು ಇದಕ್ಕೆ ಒಪ್ಪಿದುದು ಅಜ್ಞಾನದಿಂದಲ್ಲ. ನಂಬಿಕೆಯಿಲ್ಲದ ಸಾಲಗಾರನಿಗೆ ಲಾಭದ ಆಮಿಷ ಒಡ್ಡುವುದೊಂದೇ ದಾರಿಯಾಗಿದ್ದುದರಿಂದ.

ಸಾಲದ ಬದಲು ತೆರಿಗೆಯನ್ನು ಏಕೆ ಹೆಚ್ಚಿಸಲಿಲ್ಲ? ಇಲ್ಲಿಯೂ ಅದೇ ಗಂಟು. ಪರೋಕ್ಷ ತೆರಿಗೆಗಳಲ್ಲಿ ಬಹುಭಾಗವನ್ನು ಮಹಾಗುತ್ತಿಗೆದಾರರೆಂಬ ಧನಿಕರ ಕೂಟವು ಆರು ವರ್ಷಗಳ ಗುತ್ತಿಗೆ ಹಿಡಿದು ವಸೂಲು ಮಾಡುತ್ತಿದ್ದಿತು. ಬರಬೇಕಾದ ತೆರಿಗೆಯ ಮೇಲೆ ದೊರೆಗೆ ಮುಂಗಡ ಹಣವನ್ನು ಕೊಡುತ್ತಿದ್ದವರೂ ಅವರೇ. ರಸಾಯನಶಾಸ್ತ್ರಜ್ಞ ಲವಾಸ್ಯೇ ಈ ಕೂಟದಲ್ಲಿ ಒಬ್ಬನು. 1794ರಲ್ಲಿ ಅವನ ತಲೆದಂಡಕ್ಕೆ ಇದೇ ಕಾರಣವಾಯಿತು. ಉಪ್ಪಿನ ತೆರಿಗೆಯು ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗಿದ್ದು, ಬ್ರಿಟನಿಯ ಅಗ್ಗದ ಉಪ್ಪು ನೆರೆಯ ಪ್ರಾಂತವನ್ನು ಮುಟ್ಟುವಷ್ಟರಲ್ಲಿ ಹತ್ತು ಪಟ್ಟಿಗೂ ಮೀರಿದ ಬೆಲೆಯದಾಗುತ್ತಿದ್ದಿತು. ಕಳ್ಳಸಾಗಣೆ ಒಂದು ಕಸುಬೇ ಆಯಿತು. 1749ರಲ್ಲಿ ಸಚಿವ ಮಾಶೋ ಎಲ್ಲ ವರ್ಗಗಳ ಆದಾಯದ ಮೇಲೂ ಇಪ್ಪತ್ತನೆಯ ಒಂದು ಪಾಲಿನ ತೆರಿಗೆಯನ್ನು ವಿಧಿಸಿದಾಗ, ಧರ್ಮಾಧಿಕಾರಿಗಳು ಪ್ರತಿಭಟಿಸಿ ಎರಡೇ ವರ್ಷಗಳಲ್ಲಿ ಪಾರಾದರು. ಸವಲತ್ತುಳ್ಳವರಿಗೆ ಇದು ಸ್ವಾರ್ಥವಾಗಿದ್ದಿತು, ನಿಜ. ಆದರೆ ಕೊಟ್ಟ ಹಣ ಎಲ್ಲಿಗೆ ಹೋಗುವುದೆಂಬುದನ್ನು ಕೇಳುವ ಹಕ್ಕಿಲ್ಲದಿದ್ದಾಗ, ಕೊಡದಿರುವುದಕ್ಕೆ ಸ್ವಾರ್ಥಿಗೂ ಒಂದು ನ್ಯಾಯವಾದ ನೆಪ ಸಿಕ್ಕುತ್ತದೆ.

ಈ ಗಂಟನ್ನು ಗುರುತಿಸಿದವನು ಜಿನೀವದ ಬ್ಯಾಂಕರ್ ಜಾಕ್ ನೆಕ್ಕೇರ್. ಪ್ರಾಟೆಸ್ಟಂಟನಾದ ಕಾರಣ ಸಚಿವಪದವಿಯ ವಾಡಿಕೆಯ ಬಿರುದು ಅವನಿಗೆ ಸಿಗಲಿಲ್ಲ. 1777ರಲ್ಲಿ ಹಣಕಾಸಿನ ಮಹಾನಿರ್ದೇಶಕನಾದನು. 1781ರ ಫೆಬ್ರವರಿಯಲ್ಲಿ ಅವನು ದೊರೆಗೆ ಒಪ್ಪಿಸಿದ ಲೆಕ್ಕಪತ್ರವನ್ನು ಅಚ್ಚುಮಾಡಿಸಿ ಪ್ರಕಟಿಸಿದನು. ಇಂಗ್ಲೆಂಡಿನ ಸಾಲಕ್ಕೆ ಇರುವ ಬಲವು ಅಲ್ಲಿಯ ಲೆಕ್ಕದ ಬಹಿರಂಗತೆಯಿಂದ ಬಂದುದೆಂದು ಅದರ ಆರಂಭದಲ್ಲಿಯೇ ವಾದಿಸಿದನು. ಪುಸ್ತಕವು ಸಾವಿರಗಟ್ಟಲೆ ಮಾರಾಟವಾಯಿತು. ಆಸ್ಥಾನಿಕರಿಗೆ ಸಲ್ಲುತ್ತಿದ್ದ ವಿಶ್ರಾಂತಿ ವೇತನಗಳ ಮೊತ್ತವನ್ನು ಸಾಮಾನ್ಯ ಓದುಗರು ಮೊದಲ ಸಲ ಕಂಡರು. ಆದರೆ ಅದರಲ್ಲಿ 1 ಕೋಟಿ 2 ಲಕ್ಷ ಲಿವ್ರ್ ಉಳಿತಾಯ ತೋರಿದುದು ಸಾಮಾನ್ಯ ಆಯವ್ಯಯದಲ್ಲಿ ಮಾತ್ರ; ಯುದ್ಧದ ಅಸಾಮಾನ್ಯ ವೆಚ್ಚವು ಆ ಲೆಕ್ಕದ ಹೊರಗಿದ್ದಿತು. ಉದ್ದೇಶವು ಹೊಸ ಸಾಲಗಳಿಗೆ ನಂಬಿಕೆಯನ್ನು ಗಳಿಸುವುದು. ಹೀಗೆ ಬಹಿರಂಗತೆಯ ಮೊದಲ ಹೆಜ್ಜೆಯಲ್ಲಿಯೇ ಅರ್ಧಸತ್ಯವೂ ಸೇರಿತು. ಅದೇ ವರ್ಷದ ಮೇ ತಿಂಗಳಲ್ಲಿ ನೆಕ್ಕೇರ್ ಅಧಿಕಾರವನ್ನು ಬಿಡಬೇಕಾಯಿತು.

ಇದರ ಫಲವನ್ನು ಉಂಡವನು ಕಲೋನ್. 1783ರಲ್ಲಿ ಸಚಿವನಾದ ಇವನು 1786ರ ಆಗಸ್ಟಿನಲ್ಲಿ ದೊರೆಗೆ ಕೊರತೆಯ ನಿಜಸ್ಥಿತಿಯನ್ನು ತಿಳಿಸಿ, ಎಲ್ಲ ಭೂಮಿಗೂ ಸಮಾನವಾದ ತೆರಿಗೆಯನ್ನು ಸೂಚಿಸಿದನು. 1787ರ ಫೆಬ್ರವರಿ 22ರಂದು ಪ್ರತಿಷ್ಠಿತರ ಸಭೆ ಸೇರಿತು. ಸಭೆಯು ಕೇಳಿದ ಪ್ರಶ್ನೆ ಸರಳವಾದುದು: ಆರು ವರ್ಷಗಳ ಹಿಂದೆ ಉಳಿತಾಯವಿದ್ದ ಬೊಕ್ಕಸದಲ್ಲಿ ಇಂದು ಹತ್ತು ಕೋಟಿಗೂ ಮೀರಿದ ಕೊರತೆ ಹೇಗೆ? ನೆಕ್ಕೇರನ ಲೆಕ್ಕವೇ ತಪ್ಪೆಂದು ಕಲೋನ್ ಹೇಳಿದನು. ಜನ ನೆಕ್ಕೇರನನ್ನು ನಂಬಿದರು. ಲೆಕ್ಕವನ್ನು ನಿರ್ಣಯಿಸುವ ಸಂಸ್ಥೆಯೊಂದು ಇಲ್ಲದಿದ್ದುದರಿಂದ ವಿವಾದವು ವ್ಯಕ್ತಿಗಳ ಪ್ರಾಮಾಣಿಕತೆಯ ವಿವಾದವಾಯಿತು. ಏಪ್ರಿಲಿನಲ್ಲಿ ಕಲೋನ್ ಪದಚ್ಯುತನಾದನು.

ಅವನ ಬಳಿಕ ಬಂದ ಬ್ರಿಯೆನ್ ಪ್ಯಾರಿಸಿನ ಪಾರ್ಲಮಾಕ್ಕೆ ಮೊರೆಹೊಕ್ಕನು. ಪಾರ್ಲಮಾ ಎಂಬುದು ಇಂಗ್ಲೆಂಡಿನ ಪಾರ್ಲಿಮೆಂಟಿನಂತೆ ಪ್ರತಿನಿಧಿಸಭೆಯಲ್ಲ, ಉಚ್ಚ ನ್ಯಾಯಸ್ಥಾನ. ರಾಜಶಾಸನಗಳು ಅಲ್ಲಿ ದಾಖಲಾಗಬೇಕೆಂಬುದು ಸಂಪ್ರದಾಯ. 1787ರ ನವೆಂಬರ್ 19ರಂದು, ಕೆಲವು ವರ್ಷಗಳಲ್ಲಿ ಒಟ್ಟು 42 ಕೋಟಿ ಲಿವ್ರ್ ಸಾಲವೆತ್ತುವ ಶಾಸನವನ್ನು ದಾಖಲಿಸಲು ದೊರೆಯೇ ಅಲ್ಲಿಗೆ ಬಂದನು. ದೀರ್ಘ ಚರ್ಚೆಯಾದ ಮೇಲೆ, ಮತ ಎಣಿಸದೆ, ದಾಖಲು ಮಾಡುವಂತೆ ಅಪ್ಪಣೆಮಾಡಿದನು. ಬಂಧುವಾದ ಓರ್ಲೆಯಾನಿನ ಡ್ಯೂಕನು ಎದ್ದು ಇದು ಕಾನೂನಿಗೆ ವಿರುದ್ಧವೆಂದಾಗ, ತಾನು ಬಯಸುವುದರಿಂದ ಇದು ಕಾನೂನುಬದ್ಧವೇ ಎಂಬರ್ಥದ ಉತ್ತರವನ್ನು ದೊರೆ ಕೊಟ್ಟನು. ಸಾಲ ಕೇಳಲು ಬಂದವನ ಬಾಯಿಂದ ಹೊರಟ ಮಾತಿದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತನ್ನ ಇಚ್ಛೆಯೇ ಕಾನೂನೆನ್ನುವವನು ನಾಳೆ ಆ ಇಚ್ಛೆಯಿಂದಲೇ ಋಣವನ್ನು ಅಳಿಸಬಲ್ಲನು. ಹಣವುಳ್ಳವರು ಇದನ್ನು ಮರೆಯಲಿಲ್ಲ.

ಇಷ್ಟರಲ್ಲಿ ಸಾಂಸ್ಕೃತಿಕ ಜೀವನವೂ ಬದಲಾಗಿದ್ದಿತು. ಅರಮನೆಯಲ್ಲಿದ್ದ ಅಭಿರುಚಿಯ ಕೇಂದ್ರವು ಪ್ಯಾರಿಸಿನ ಗೋಷ್ಠಿಗಳಿಗೂ ಕಾಫಿಗೃಹಗಳಿಗೂ ರಂಗಮಂದಿರಗಳಿಗೂ ಜಾರಿದ್ದಿತು. ದೊರೆಗೆ ಮೊದಲು ಒಪ್ಪಿಗೆಯಾಗದಿದ್ದ ಬೋಮಾರ್ಶೆಯ ಫಿಗಾರೋನ ಮದುವೆ ನಾಟಕಕ್ಕೆ 1784ರಲ್ಲಿ ಜನ ಮುಗಿಬಿದ್ದರು. 1785ರಲ್ಲಿ 16 ಲಕ್ಷ ಲಿವ್ರ್ ಬೆಲೆಯ ವಜ್ರದ ಹಾರದ ವಂಚನೆ ಬಯಲಾದಾಗ, ರಾಣಿಗೆ ಅದರಲ್ಲಿ ಯಾವ ಪಾಲೂ ಇಲ್ಲದಿದ್ದರೂ ಅಪವಾದ ಅವಳಿಗೇ ಅಂಟಿತು. ‘ಶ್ರೀಮತಿ ಕೊರತೆ’ ಎಂಬ ಅಡ್ಡಹೆಸರೂ ಬಂದಿತು. ವೆಚ್ಚದ ನೂರಕ್ಕೆ ಆರು ಪಾಲು ಕಣ್ಣಿಗೆ ಕಾಣುವಂತಹುದು, ಅರ್ಧದಷ್ಟಿದ್ದ ಬಡ್ಡಿ ಕಾಣದಂತಹುದು. ಲೆಕ್ಕವನ್ನು ಮುಚ್ಚಿಟ್ಟಲ್ಲಿ ವದಂತಿಯೇ ಲೆಕ್ಕವಾಗುತ್ತದೆ.

ಈ ಕಥೆ ನಮ್ಮ ನಾಡನ್ನೂ ಮುಟ್ಟಿದೆ. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ, ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಅವನೊಡನಿದ್ದ ಫ್ರೆಂಚ್ ತುಕಡಿ ಹಿಂದೆಗೆಯಿತು. ಆದರೂ ಅವನು ಫ್ರಾನ್ಸಿನ ನೆರವನ್ನು ಬಯಸಿ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳನ್ನು ಕಳುಹಿಸಿದನು. 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ವೈಭವದ ದರ್ಶನ ನಡೆಯಿತು. ಎರಡು ದಿನ ಮೊದಲು, 8ರಂದು, ದೊರೆಯು 1614ರ ತರುವಾಯ ಸೇರದಿದ್ದ ಎಸ್ಟೇಟ್ಸ್ ಜನರಲ್ ಮಹಾಸಭೆಯನ್ನು ಕರೆಯಲು ಒಪ್ಪಿದ್ದನು. ದರ್ಶನವಾದ ಆರನೆಯ ದಿನ ಬೊಕ್ಕಸದ ಪಾವತಿ ನಿಂತಿತು. ರಾಯಭಾರಿಗಳಿಗೆ ಸೇವ್ರ್ ಪಿಂಗಾಣಿಯ ಉಡುಗೊರೆ ದೊರಕಿತು, ಸೈನ್ಯ ದೊರಕಲಿಲ್ಲ. ಅರಮನೆಯ ಬೆಡಗನ್ನು ಕಂಡು ಮಿತ್ರನ ಬಲವನ್ನು ಅಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1789ರ ಮೇ 5ರಂದು ಮಹಾಸಭೆ ಸೇರಿತು. ಜೂನ್ 17ರಂದು ಮೂರನೆಯ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆಯೆಂದು ಸಾರಿಕೊಂಡರು. ಅಂದೇ ಅವರು ಕೈಗೊಂಡ ಇನ್ನೊಂದು ನಿರ್ಣಯವನ್ನು ಪಠ್ಯಪುಸ್ತಕಗಳು ಅಷ್ಟಾಗಿ ಎತ್ತಿಹೇಳುವುದಿಲ್ಲ: ರಾಷ್ಟ್ರದ ಒಪ್ಪಿಗೆಯಿಲ್ಲದ ತೆರಿಗೆಗಳು ಅಕ್ರಮವೆಂದು ಸಾರಿ, ಅವುಗಳನ್ನು ತಾತ್ಕಾಲಿಕವಾಗಿ ಮುಂದುವರಿಸಿ, ರಾಜ್ಯಕ್ಕೆ ಸಾಲ ಕೊಟ್ಟವರನ್ನು ರಾಷ್ಟ್ರದ ಗೌರವದ ರಕ್ಷಣೆಯಲ್ಲಿ ಇರಿಸಿದರು. ಅರಸನ ಋಣವು ಅಂದು ರಾಷ್ಟ್ರದ ಋಣವಾಯಿತು.

ಕಥೆಯನ್ನು ಇಲ್ಲಿಯೇ ಮುಗಿಸಿದರೆ ಅದು ಸುಲಭವಾದ ನೀತಿಪಾಠವಾದೀತು. ಕ್ರಾಂತಿಯ ಸರ್ಕಾರಗಳು ಅಚ್ಚುಹಾಕಿದ ಅಸಿಂಞಾ ಎಂಬ ಕಾಗದದ ಹಣವು ಬೆಲೆಗೆಟ್ಟಿತು. 1797ರಲ್ಲಿ ಗಣರಾಜ್ಯವು ತನ್ನ ಸಾಲದ ಮೂರರಲ್ಲಿ ಎರಡು ಪಾಲನ್ನು ಬಹುಮಟ್ಟಿಗೆ ಬೆಲೆಯಿಲ್ಲದ ಪತ್ರಗಳಿಂದ ತೀರಿಸಿಬಿಟ್ಟಿತು. ಹಿಂದಿನ ದೊರೆಗಳು ಅಂಜಿ ಅಂಜಿ ಮಾಡಿದುದನ್ನು ಜನರ ಹೆಸರಿನ ಸರ್ಕಾರವು ಒಂದೇ ಪೆಟ್ಟಿಗೆ ಮಾಡಿತು. ಆದುದರಿಂದ ಪ್ರಭುವಿನ ಹೆಸರು ಬದಲಾದ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲವೆಂದು ನಾವು ಹೇಳಬೇಕಾಗುತ್ತದೆ. ಪ್ರಭು ಒಬ್ಬನೇ ಆಗಲಿ, ಇಡೀ ರಾಷ್ಟ್ರವೇ ಆಗಲಿ, ಲೆಕ್ಕವನ್ನು ತೆರೆದಿಡುವ ಕಟ್ಟಳೆ, ಅದನ್ನು ಪರೀಕ್ಷಿಸುವ ಸಂಸ್ಥೆ, ಆ ಸಂಸ್ಥೆಯ ಮಾತಿಗೆ ತಲೆಬಾಗುವ ಅಭ್ಯಾಸ ಇವು ಮೂರೂ ಕೂಡಿದಲ್ಲಿ ಮಾತ್ರ ರಾಜ್ಯದ ಮಾತಿಗೆ ಬೆಲೆ ಬರುತ್ತದೆ. ಹದಿನಾರನೆಯ ಲೂಯಿಯ ಬೊಕ್ಕಸದಲ್ಲಿ ನಾಣ್ಯಕ್ಕಿಂತ ಮೊದಲು ಬರಿದಾದುದು ಈ ಬೆಲೆಯೇ.