ಸಿಡ್ನಿಯಿಂದ ಹೊರಟ ಕನಸು

ಕ್ರಿಸ್ಟೋಫರ್ ನೋಲನ್ ಅವರ 'ಇನ್ಸೆಪ್ಷನ್' ತೆರೆ ಕಂಡದ್ದು 2010ರ ಜುಲೈನಲ್ಲಿ. ಅದರಲ್ಲಿ ಬರುವ ಬಹುದೊಡ್ಡ ಕನಸು ಶುರುವಾಗುವುದು ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನದಲ್ಲಿ. ಸಿಡ್ನಿಯಲ್ಲಿ ತಂದೆ ತೀರಿಕೊಂಡಿದ್ದಾನೆ, ಕೋಟ್ಯಧೀಶ ಮಗ ಹೆಣದ ಜೊತೆ ಹೊರಟಿದ್ದಾನೆ. ಅವನ ಮನಸ್ಸಿನೊಳಗೆ ಒಂದು ವಿಚಾರವನ್ನು ನೆಟ್ಟು ಬರಬೇಕಾದ ಕನಸುಗಳ್ಳರಿಗೆ, ಯಾರೂ ಎಬ್ಬಿಸದ ಹತ್ತು ಗಂಟೆ ಬೇಕು. ಭೂಮಿಯ ಮೇಲೆ ಅಷ್ಟು ಹೊತ್ತು ಒಬ್ಬನನ್ನು ಒಂದೇ ಕುರ್ಚಿಯಲ್ಲಿ ಕೂಡಿಹಾಕುವ ಜಾಗ ಯಾವುದು? ಊರಿಗೆ ಹೋಗಿಬರುವ ನಮಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಕೆಲಸ ಸಲೀಸಾಗಲೆಂದು ಅವರು ವಿಮಾನ ಕಂಪನಿಯನ್ನೇ ಕೊಂಡುಬಿಡುತ್ತಾರೆ.

ಆಮೇಲಿನದು ಲೆಕ್ಕ. ಕನಸಿನಲ್ಲಿ ಕಾಲ ಇಪ್ಪತ್ತು ಪಟ್ಟು ಹಿಗ್ಗುತ್ತದೆ. ಕನಸಿನೊಳಗಿನ ಕನಸಿನಲ್ಲಿ ಮತ್ತೆ ಇಪ್ಪತ್ತು ಪಟ್ಟು. ವಿಮಾನದ ಹತ್ತು ಗಂಟೆ ಮೊದಲ ಅಂತಸ್ತಿನಲ್ಲಿ ಒಂದು ವಾರ, ಎರಡನೆಯದರಲ್ಲಿ ಆರು ತಿಂಗಳು, ಮೂರನೆಯದರಲ್ಲಿ ಹತ್ತು ವರ್ಷ. ಬೀಳುವ ಅನುಭವವಾದರೆ ಎಚ್ಚರ. ಮತ್ತಿನ ಔಷಧಿ ಬಲವಾಗಿದ್ದಾಗ ಕನಸಿನಲ್ಲಿ ಸತ್ತರೆ ಎಚ್ಚರವಿಲ್ಲ, ಲಿಂಬೋ ಎಂಬ ತಳವಿಲ್ಲದ ಪಾತಾಳ. ತಾನು ಎಚ್ಚರವಾಗಿದ್ದೇನೆಯೇ ಎಂದು ಪರೀಕ್ಷಿಸಿಕೊಳ್ಳಲು ಪ್ರತಿಯೊಬ್ಬರ ಬಳಿಯೂ ಒಂದು ವಸ್ತು ಇರುತ್ತದೆ. ನಾಯಕ ಕಾಬ್ ಬಳಿ ಇರುವುದು ಬುಗುರಿ. ನಿಜಲೋಕದಲ್ಲಿ ಅದು ತಿರುಗಿ ಬೀಳುತ್ತದೆ, ಕನಸಿನಲ್ಲಿ ತಿರುಗುತ್ತಲೇ ಇರುತ್ತದೆ. ಕೊನೆಯಲ್ಲಿ ಅವನು ಮನೆ ಸೇರಿ, ಬುಗುರಿ ತಿರುಗಿಸಿಟ್ಟು, ಮಕ್ಕಳತ್ತ ನಡೆಯುತ್ತಾನೆ. ಬುಗುರಿ ಕೊಂಚ ಅಲುಗಿದಂತಾಗುತ್ತದೆ, ಪರದೆ ಕಪ್ಪಾಗುತ್ತದೆ.

(ಅಂದಹಾಗೆ ಈ ದಾರಿಗೆ ನೋಲನ್ ಕಲ್ಪಿಸದ ಒಂದು ಕನಸಿನ ನಿಯಮ ನಿಜವಾಗಿಯೂ ಇದೆ. ಸಿಡ್ನಿಯಲ್ಲಿ ಬೆಳಿಗ್ಗೆ ವಿಮಾನ ಹತ್ತಿದವರು ಸುಮಾರು ಹದಿಮೂರು ಗಂಟೆ ಹಾರಿ, ಅದೇ ದಿನ, ತಾವು ಹೊರಟ ಗಂಟೆಗಿಂತಲೂ ಮುಂಚೆ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಾರೆ. ನಡುವೆ ದಿನರೇಖೆ ಇದೆ ಎಂಬ ವಿವರಣೆ ಗೊತ್ತಿದ್ದರೂ ಗಡಿಯಾರ ತಿದ್ದುವಾಗ ಕೈ ತಡೆಯುತ್ತದೆ.)

ಬುಗುರಿ ಬಿತ್ತೋ ಇಲ್ಲವೋ ಎಂಬ ವಾದ ಇನ್ನೂ ನಿಂತಿಲ್ಲ. ವೆಂಟ್‌ವರ್ತ್‌ವಿಲ್‌ನಲ್ಲಾಗಲಿ ಪಾಯಿಂಟ್ ಕುಕ್‌ನಲ್ಲಾಗಲಿ ನಾಲ್ಕು ಮನೆಯವರು ಊಟಕ್ಕೆ ಸೇರಿದಾಗ ಯಾರಾದರೂ ಈ ಚಿತ್ರದ ಹೆಸರು ಎತ್ತಿದರೆ ಮೊಸರನ್ನ ಒಣಗುವವರೆಗೂ ಮಾತು ಮುಗಿಯುವುದಿಲ್ಲ. ನಮ್ಮಲ್ಲಿ ಸಾಫ್ಟ್‌ವೇರ್‌ನವರು ಹೆಚ್ಚು. ಅವರಿಗೆ ನಿಯಮ ಎಂದರೆ ನಿಯಮ. ಒಬ್ಬರು ಕಾಬ್‌ನ ಮದುವೆಯ ಉಂಗುರವನ್ನು ಎತ್ತುತ್ತಾರೆ: ಕನಸಿನಲ್ಲಿ ಬೆರಳಲ್ಲಿರುತ್ತದೆ, ಎಚ್ಚರದಲ್ಲಿ ಇರುವುದಿಲ್ಲ, ಕೊನೆಯ ದೃಶ್ಯದಲ್ಲಿ ಇಲ್ಲ, ಆದ್ದರಿಂದ ಅದು ನಿಜ. ಇನ್ನೊಬ್ಬರು ಮಕ್ಕಳು ಅದೇ ಬಟ್ಟೆಯಲ್ಲಿದ್ದಾರೆ, ಆದ್ದರಿಂದ ಕನಸು ಎನ್ನುತ್ತಾರೆ. ಬಟ್ಟೆ ಹೋಲುತ್ತದೆ, ಅದೇ ಅಲ್ಲ; ಚಿತ್ರದ ಕೊನೆಯ ಪಟ್ಟಿಯಲ್ಲಿ ಆ ಮಕ್ಕಳ ಪಾತ್ರಕ್ಕೆ ಎರಡೆರಡು ವಯಸ್ಸಿನ ಎರಡು ಜೋಡಿ ಮಕ್ಕಳ ಹೆಸರುಗಳಿವೆ. 2018ರಲ್ಲಿ ನಟ ಮೈಕೆಲ್ ಕೇನ್, ತಾನಿರುವ ದೃಶ್ಯಗಳೆಲ್ಲ ನಿಜಲೋಕದವು ಎಂದು ನಿರ್ದೇಶಕರೇ ಹೇಳಿದ್ದರೆಂದು ಬಹಿರಂಗಪಡಿಸಿದರು. ಕೊನೆಯ ದೃಶ್ಯದಲ್ಲಿ ಅವರಿದ್ದಾರೆ. ನೋಲನ್ 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಹೇಳಿದ್ದು ಬೇರೆ: ಕಾಬ್ ತನ್ನ ಮಕ್ಕಳ ಬಳಿ ಇದ್ದಾನೆ, ಬುಗುರಿಯ ಗೊಡವೆ ಅವನಿಗಿನ್ನಿಲ್ಲ.

ನನಗೆ ಈ ಸಾಕ್ಷ್ಯಗಳಿಗಿಂತ ಚಿತ್ರ ತಾನೇ ಹಾಕಿಕೊಂಡ ನಿಯಮ ಮುಖ್ಯವಾಗಿ ಕಾಣುತ್ತದೆ. ಪರೀಕ್ಷೆಯ ವಸ್ತುವಿನ ತೂಕ, ಗುಣ ಅದರ ಒಡೆಯನಿಗೆ ಮಾತ್ರ ಗೊತ್ತಿರಬೇಕು, ಬೇರೆಯವರು ಮುಟ್ಟಲೂಬಾರದು ಎಂದು ಚಿತ್ರ ಮೊದಲೇ ಹೇಳುತ್ತದೆ. ಕಾಬ್‌ನ ಬುಗುರಿ ಅವನದಲ್ಲ, ಸತ್ತ ಹೆಂಡತಿಯದು. ಅದರ ಗುಟ್ಟನ್ನು ಕನಸಿನ ನಗರ ಕಟ್ಟುವ ಹುಡುಗಿಗೆ ಅವನೇ ಹೇಳಿಬಿಡುತ್ತಾನೆ. ಇನ್ನೂ ಒಂದು ಮಾತು: ಆ ವಸ್ತು ತಿಳಿಸುವುದು ನೀನು ಬೇರೆಯವರ ಕನಸಿನಲ್ಲಿಲ್ಲ ಎಂಬುದನ್ನಷ್ಟೇ. ಸ್ವಂತ ಕನಸಿನಲ್ಲಿ ಬುಗುರಿ ನಾವು ಬಯಸಿದಂತೆ ಬೀಳಬಹುದು. ಅಂದರೆ ಬುಗುರಿ ಬಿದ್ದಿದ್ದರೂ ವಾದ ಮುಗಿಯುತ್ತಿರಲಿಲ್ಲ. ಇಷ್ಟು ವರ್ಷ ನಾವು ಕೇಳುತ್ತಿರುವುದು ಕಾಬ್‌ಗೆ ಏನಾಯಿತು ಎಂದಲ್ಲ, ಕಥೆ ನಮಗೆ ಕೊಟ್ಟ ಮಾತನ್ನು ಉಳಿಸಿಕೊಂಡಿತೇ ಎಂದು. ಮತ್ತು, ಕೊನೆಯನ್ನು ಹೇಳುವ ಹಕ್ಕು ಯಾರದು ಎಂದು.

ಈ ಎರಡನೆಯ ಪ್ರಶ್ನೆಗೆ ನಾವಿರುವ ಎರಡು ಊರುಗಳಲ್ಲಿ ಹಳೆಯ ಇತಿಹಾಸವೇ ಇದೆ. 'ಇನ್ಸೆಪ್ಷನ್' ಚಿತ್ರೀಕರಣ ಆಸ್ಟ್ರೇಲಿಯಾದಲ್ಲಿ ನಡೆಯಲಿಲ್ಲ. ಆದರೆ ಹತ್ತು ಹನ್ನೆರಡು ವರ್ಷ ಮೊದಲೇ ಸಿಡ್ನಿ ಎರಡು ಸಲ ಸುಳ್ಳುಲೋಕದ ವೇಷ ಹಾಕಿತ್ತು. ಮೂರ್ ಪಾರ್ಕಿನ ಹಳೆಯ ಷೋಗ್ರೌಂಡ್ ಸ್ಟುಡಿಯೋ ಆದ ಹೊಸತರಲ್ಲಿ ಅಲ್ಲಿ ತಯಾರಾದ ಚಿತ್ರ, ಸಿಡ್ನಿಯಲ್ಲೇ ಬೆಳೆದ ಅಲೆಕ್ಸ್ ಪ್ರೋಯಸ್ ಅವರ 'ಡಾರ್ಕ್ ಸಿಟಿ' (1998). ನಡುರಾತ್ರಿ ಊರಿಗೆ ಊರೇ ನಿದ್ದೆಗೆ ಜಾರುತ್ತದೆ, ಅನ್ಯಜೀವಿಗಳು ಕಟ್ಟಡಗಳನ್ನೂ ಜನರ ನೆನಪುಗಳನ್ನೂ ಅದಲುಬದಲು ಮಾಡುತ್ತಾರೆ. ಅದರ ಮಾಳಿಗೆಗಳ ಸೆಟ್ಟುಗಳಲ್ಲಿ ಕೆಲವನ್ನು ಮುಂದಿನ ವರ್ಷ ಬಂದ 'ದಿ ಮೇಟ್ರಿಕ್ಸ್' ಮತ್ತೆ ಬಳಸಿಕೊಂಡಿತು. ಕೆಂಪು ಉಡುಪಿನ ಹೆಂಗಸು ನಡೆದುಬರುವ ದೃಶ್ಯ ಮಾರ್ಟಿನ್ ಪ್ಲೇಸ್ ಮತ್ತು ಪಿಟ್ ಸ್ಟ್ರೀಟ್ ಸೇರುವಲ್ಲಿನ ಕಾರಂಜಿಯ ಬಳಿಯದು. ಚಿತ್ರದಲ್ಲಿ ಊರಿನ ಹೆಸರಿಲ್ಲ. ಪಾತ್ರಗಳ ಬಾಯಲ್ಲಿ ಬರುವ ಬೀದಿಗಳ ಹೆಸರು ಶಿಕಾಗೋದವು.

'ಡಾರ್ಕ್ ಸಿಟಿ'ಯನ್ನು ನೆನೆಯಲು ಇನ್ನೊಂದು ಕಾರಣವಿದೆ. ಜನರಿಗೆ ಅರ್ಥವಾಗದೆಂದು ಹೆದರಿದ ನಿರ್ಮಾಣ ಸಂಸ್ಥೆ, ಚಿತ್ರದ ಮೊದಲಿಗೇ ಒಂದು ಹಿನ್ನೆಲೆ ನಿರೂಪಣೆ ಸೇರಿಸಿತು. ಕೊನೆಯಲ್ಲಿ ತಿಳಿಯಬೇಕಾದ ಗುಟ್ಟು ಮೊದಲ ನಿಮಿಷದಲ್ಲೇ ಹೊರಬಿತ್ತು. 2008ರ ನಿರ್ದೇಶಕರ ಆವೃತ್ತಿಯಲ್ಲಿ ಪ್ರೋಯಸ್ ಅದನ್ನು ಕಿತ್ತುಹಾಕಿದರು. ಹತ್ತು ವರ್ಷ ಬೇಕಾಯಿತು.

ಮೆಲ್ಬರ್ನ್ ಕಡೆಯ ಕಥೆ ಇದರ ತಿರುಗುಮುರುಗು. ಊರಿನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದ ಹ್ಯಾಂಗಿಂಗ್ ರಾಕ್‌ಗೆ ಬುತ್ತಿ ಕಟ್ಟಿಕೊಂಡು ಹೋಗದ ಕನ್ನಡ ಕುಟುಂಬ ಇಲ್ಲಿ ವಿರಳ. ಜೋನ್ ಲಿಂಡ್ಸೆ 1967ರಲ್ಲಿ ಬರೆದ 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್' ಕಾದಂಬರಿಯಲ್ಲಿ 1900ರ ಫೆಬ್ರವರಿ 14ರಂದು ಶಾಲೆಯ ಹುಡುಗಿಯರೂ ಒಬ್ಬ ಉಪಾಧ್ಯಾಯಿನಿಯೂ ಆ ಬಂಡೆಗಳ ನಡುವೆ ಕಾಣೆಯಾಗುತ್ತಾರೆ. ಏಕೆ, ಹೇಗೆ ಎಂಬುದಕ್ಕೆ ಉತ್ತರವಿಲ್ಲ. ಪುಸ್ತಕದಲ್ಲಿ ಅದು ಶನಿವಾರ. ನಿಜವಾದ ಪಂಚಾಂಗದಲ್ಲಿ ಆ ದಿನ ಬುಧವಾರ. ಕನಸಿನ ನಿಯಮದ ಸುಳಿವು ಅಲ್ಲೇ ಇದೆ ಎನ್ನುವವರಿದ್ದಾರೆ. ಪೀಟರ್ ವಿಯರ್ 1975ರಲ್ಲಿ ಇದನ್ನು ಚಿತ್ರ ಮಾಡಿದರು. ಅದನ್ನು ನೋಡಿದ ಒಬ್ಬ ವಿತರಕ, ಉತ್ತರವಿಲ್ಲದ ಒಗಟಿಗೆ ಎರಡು ಗಂಟೆ ಹಾಳಾಯಿತೆಂದು ಕಾಫಿ ಕಪ್ಪನ್ನು ಪರದೆಗೆ ಎಸೆದನಂತೆ. ವಿಯರ್ ಅವರೇ ಹೇಳಿಕೊಂಡ ಕಥೆ ಇದು.

ಆದರೆ ಉತ್ತರ ಇತ್ತು. ಲಿಂಡ್ಸೆ ಹದಿನೆಂಟನೆಯ ಅಧ್ಯಾಯವನ್ನೂ ಬರೆದಿದ್ದರು. ಪ್ರಕಾಶನದ ಸಂಪಾದಕಿಯ ಸಲಹೆಯಂತೆ ಅದನ್ನು ಬಿಟ್ಟರು. ಲೇಖಕಿ ತೀರಿಕೊಂಡ ಮೇಲೆ, 1987ರಲ್ಲಿ ಅದು ಬೇರೆ ಪುಸ್ತಕವಾಗಿ ಹೊರಬಂತು. ಅದರಲ್ಲಿ ಕಾಲವೇ ನಿಂತಿದೆ: ಹುಡುಗಿಯರು ಬಂಡೆಯಿಂದ ಎಸೆದ ಒಳಕಟ್ಟುಗಳು ಕೆಳಗೆ ಬೀಳದೆ ಗಾಳಿಯಲ್ಲೇ ತೂಗಿನಿಲ್ಲುತ್ತವೆ. ಶುದ್ಧ ವಿಜ್ಞಾನಕಥೆಯ ಚಿತ್ರ ಅದು. ಓದಿದವರಲ್ಲಿ ಬಹಳ ಮಂದಿಗೆ ಅದು ರುಚಿಸಲಿಲ್ಲ, ನನಗೂ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷ ಜನ ತಾವೇ ಕಟ್ಟಿಕೊಂಡ ಕೊನೆಗಳ ಮುಂದೆ ಬರೆದಾಕೆಯ ಕೊನೆಯೇ ನಕಲಿಯಂತೆ ಕಂಡಿತು.

ಈ ಹುಡುಕಾಟದ ನಡುವೆ ಯಾರೂ ಕೇಳದ ಪ್ರಶ್ನೆಯನ್ನು 2017ರಲ್ಲಿ ಮೆಲ್ಬರ್ನ್‌ನ ಕಲಾವಿದೆಯೊಬ್ಬರು ಕೇಳಿದರು. ಆ ಬಂಡೆ ಡ್ಜಾ ಡ್ಜಾ ವುರಂಗ್, ವುರುಂಡ್ಜೆರಿ, ಟೌಂಗುರಂಗ್ ಜನ ಸೇರುತ್ತಿದ್ದ ನೆಲೆ. ಅಲ್ಲಿಂದ ನಿಜವಾಗಿ ಕಾಣೆಯಾದವರು ಅವರು. ಹುಟ್ಟೇ ಇಲ್ಲದ ಮೂವರು ಬಿಳಿ ಹುಡುಗಿಯರಿಗಾಗಿ ಇಷ್ಟು ಮರುಗುವ ನಾವು ಅವರನ್ನು ನೆನೆಯುವುದಿಲ್ಲವೇಕೆ? 'ಮಿರಾಂಡಾ ಮಸ್ಟ್ ಗೋ' ಎಂಬ ಆ ಅಭಿಯಾನದಲ್ಲಿ ಮಿರಾಂಡಾ ಎಂದರೆ ಕಾದಂಬರಿಯ ಹುಡುಗಿಯ ಹೆಸರು.

ವಿಯರ್ ಆ ಕಡೆಗೆ ಆಗಲೇ ಒಂದು ಹೆಜ್ಜೆ ಇಟ್ಟಿದ್ದರು. 1977ರ 'ದಿ ಲಾಸ್ಟ್ ವೇವ್' ಸಿಡ್ನಿಯ ಕಥೆ. ಹೆಂಡದಂಗಡಿಯ ಜಗಳದಲ್ಲಿ ಒಬ್ಬ ಮೂಲನಿವಾಸಿಯ ಸಾವು, ಆರೋಪ ಹೊತ್ತ ಐವರು ಮೂಲನಿವಾಸಿಗಳು, ಅವರ ಪರವಾಗಿ ನಿಂತ ಬಿಳಿಯ ವಕೀಲ. ವಕೀಲನಿಗೆ ಕನಸು ಬೀಳುತ್ತದೆ. ಡೇವಿಡ್ ಗುಲ್ಪಿಲಿಲ್ ನಟಿಸಿದ ತರುಣ, ಪರಿಚಯವಾಗುವ ಮೊದಲೇ ಆ ಕನಸಿನಲ್ಲಿ ಬಂದುಹೋಗಿರುತ್ತಾನೆ. ಹಿರಿಯನ ಪಾತ್ರದಲ್ಲಿ ಗ್ರೂಟ್ ಐಲ್ಯಾಂಡ್‌ನ ನಂಜಿವಾರಾ ಅಮಗುಲಾ ಇದ್ದಾರೆ; ಅವರು ತಮ್ಮ ಸಮುದಾಯದಲ್ಲೂ ಹಿರಿಯರೇ. ಕೊನೆಗೆ ವಕೀಲ ಊರಡಿಯ ಚರಂಡಿ ಸುರಂಗದಿಂದ ಕಡಲತೀರಕ್ಕೆ ಬರುತ್ತಾನೆ, ಮುಖದ ಮೇಲೆ ನೆರಳು ಬೀಳುತ್ತದೆ, ತೆರೆಯ ತುಂಬ ಅಲೆ. ಬಂತೇ ಪ್ರಳಯ, ಅವನ ತಲೆಯೊಳಗಿನದೇ? ಬುಗುರಿಗಿಂತ ಮೂವತ್ತಮೂರು ವರ್ಷ ಹಿರಿಯ ವಾದ ಇದು.

ಇಲ್ಲಿ ಕನಸು ಎಂಬ ಪದವೇ ಜಾರುತ್ತದೆ. ಮೂಲನಿವಾಸಿಗಳ 'ಡ್ರೀಮಿಂಗ್' ನಿದ್ದೆಯ ಕನಸಲ್ಲ. ನೆಲ, ಪೂರ್ವಜರು, ಕಟ್ಟಳೆ, ನಂಟಸ್ತಿಕೆ ಎಲ್ಲ ಸೇರಿದ, ಎಂದೂ ಮುಗಿಯದ ಒಂದು ವರ್ತಮಾನ ಅದು. ಮಧ್ಯ ಆಸ್ಟ್ರೇಲಿಯಾದ ಅರೆರ್ಂಟ ಜನರ 'ಅಲ್ಚೆರಿಂಗ' ಎಂಬ ಪದಕ್ಕೆ 'ಕನಸಿನ ಕಾಲ' ಎಂಬ ಅನುವಾದ ಅಚ್ಚಾದದ್ದು 1896ರಲ್ಲಿ. ಹಾಗೆ ಮಾಡಿದವರು ಆಲಿಸ್ ಸ್ಪ್ರಿಂಗ್ಸ್‌ನ ತಂತಿ ಕಚೇರಿಯ ಮುಖ್ಯಸ್ಥ ಗಿಲ್ಲೆನ್ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಧ್ಯಾಪಕ ಸ್ಪೆನ್ಸರ್. ಮಾನವಶಾಸ್ತ್ರಜ್ಞ ಸ್ಟ್ಯಾನರ್ 1953ರಲ್ಲಿ ಆ ಅನುವಾದದ ಕೊರತೆ ತುಂಬಲು, 'ಎಲ್ಲ ಕಾಲವೂ ಒಟ್ಟಿಗೆ' ಎಂಬರ್ಥದ ಹೊಸ ಇಂಗ್ಲಿಷ್ ಪದವನ್ನೇ ಹುಟ್ಟಿಸಬೇಕಾಯಿತು. ಸಂಸ್ಕೃತದಿಂದಲೋ ಇಂಗ್ಲಿಷಿನಿಂದಲೋ ಪದ ತರುವಾಗ ಹೆಣಗುವ ನಮಗೆ ಈ ಕಷ್ಟ ಅರ್ಥವಾದೀತು. ವಿಯರ್ ಅವರ ಚಿತ್ರ ಈ ಕಟ್ಟಳೆಯನ್ನು ಗೌರವದಿಂದಲೇ ಕಾಣುತ್ತದೆ, ಆದರೂ ಅದರ ಕೊನೆಯ ದರ್ಶನವನ್ನು ಬಿಳಿಯ ವಕೀಲನ ಕಣ್ಣಿಗೇ ಮೀಸಲಿಡುತ್ತದೆ. ಸಿಡ್ನಿಯಲ್ಲಿ ಬುಡಕಟ್ಟಿನವರು ಉಳಿದಿರಲು ಸಾಧ್ಯವೇ ಎಂದು ಚಿತ್ರದ ನ್ಯಾಯಾಲಯ ಚರ್ಚಿಸುತ್ತಿದ್ದಾಗ, ಗಾಡಿಗಲ್ ಜನರ ಆ ನೆಲದಲ್ಲಿ, ರೆಡ್‌ಫರ್ನ್‌ನ ಬೀದಿಗಳಲ್ಲಿ, ಮೂಲನಿವಾಸಿಗಳು ತಮ್ಮದೇ ಕಾನೂನು ನೆರವಿನ ಕಚೇರಿ ನಡೆಸುತ್ತಿದ್ದರು. ಅದು 1970ರ ದಶಕದ ಆರಂಭದಿಂದಲೇ ಇತ್ತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ 'ಲೂಸಿಯಾ'ಕ್ಕೆ ಬರಬೇಕು. ಕೊನೆಯ ಹಕ್ಕು ಯಾರದೆಂಬ ಪ್ರಶ್ನೆಗೆ ಕನ್ನಡ ಕೊಟ್ಟ ಉತ್ತರ ಅದು. ನಿರ್ಮಾಪಕರು ಸಿಗದೆ ಬೇಸತ್ತ ಪವನ್ ಕುಮಾರ್ ನೇರ ಪ್ರೇಕ್ಷಕರಲ್ಲೇ ಹಣ ಕೇಳಿದರು. 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ. ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ಬಿಡುಗಡೆ. 'ಮೊದಲೇ ಗುಟ್ಟು ಹೇಳಿಬಿಡಿ' ಎಂದು ತಾಕೀತು ಮಾಡುವ ಸ್ಟುಡಿಯೋ ಅಲ್ಲಿರಲಿಲ್ಲ.

ಹೆಗ್ಗೋಡಿನ ನೀನಾಸಂನಿಂದ ಬಂದ ಸತೀಶ್ ನಿಭಾಯಿಸಿದ ನಿಕ್ಕಿ, ಬೆಂಗಳೂರಿನ ಹಳೆಯ ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವವನು. ನಿದ್ದೆ ಬರದ ಅವನಿಗೆ ಒಂದು ಮಾತ್ರೆ ಸಿಗುತ್ತದೆ. ಅದರ ನಿಯಮ ಸರಳ: ಬಯಸಿದ ಬದುಕು ಕನಸಾಗಿ ಬರುತ್ತದೆ, ಧಾರಾವಾಹಿಯಂತೆ ನಿನ್ನೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಎಚ್ಚರದಲ್ಲಿ ಕಂಡವರೇ ಅಲ್ಲಿ ಬೇರೆ ವೇಷದಲ್ಲಿ ಬರುತ್ತಾರೆ. ಅವನು ಸಿನಿಮಾ ತಾರೆಯಾಗುತ್ತಾನೆ. ಟಾಕೀಸಿನ ಬದುಕು ಬಣ್ಣದಲ್ಲಿ, ತಾರೆಯ ಬದುಕು ಕಪ್ಪುಬಿಳುಪಿನಲ್ಲಿ. ಕೊನೆಯಲ್ಲಿ ಚಿತ್ರ ಮಗುಚಿಬೀಳುತ್ತದೆ: ತಾರೆಯೇ ನಿಜ, ಟಾರ್ಚಿನವನು ಅವನು ಕಂಡ ಕನಸು.

ಇದು ಮೋಸ ಎಂದವರಿದ್ದಾರೆ. ಬಣ್ಣ ಎಂದರೆ ನಿಜ, ಕಪ್ಪುಬಿಳುಪು ಎಂದರೆ ಕನಸು ಎಂದು ನಂಬಿಸಿ ಕೈಕೊಟ್ಟರಂತೆ. ಎರಡನೆಯ ಸಲ ನೋಡಿ. ಬಣ್ಣದ ನಿಯಮ ನಾವಾಗಿಯೇ ತಂದುಕೊಂಡದ್ದು. ಮಾತ್ರೆಯ ನಿಯಮಗಳಲ್ಲಿ ಒಂದೂ ಮುರಿದಿಲ್ಲ. ಚಿತ್ರವನ್ನು ತಲೆಕೆಳಗಾಗಿ ಹಿಡಿದರೂ ಪ್ರತಿಯೊಂದೂ ಹೊಂದುತ್ತದೆ. ತಾರೆಯ ಸುತ್ತಲಿನ ಜನರೇ ಟಾಕೀಸಿನ ಮಾಲೀಕ ಶಂಕರಣ್ಣನಾಗಿ, ಪ್ರೀತಿಸಿದ ಹುಡುಗಿಯಾಗಿ ಕನಸಿಗೆ ಬಂದಿದ್ದಾರೆ. ಕೊಟ್ಟ ಮಾತು ಉಳಿಸಿಕೊಳ್ಳುವ ವಿಷಯದಲ್ಲಿ ನನ್ನ ಮತ ನೋಲನ್‌ಗಿಂತ ಪವನ್ ಕುಮಾರ್‌ಗೆ.

ಈ ಮಗುಚುವಿಕೆ ನಮಗೆ ಹೊಸದೇನಲ್ಲ. ರಾಜ್ಯ ಕಳೆದುಕೊಂಡು ತುತ್ತು ಅನ್ನಕ್ಕೆ ಅಲೆದಂತೆ ಕನಸು ಕಂಡ ಜನಕರಾಜ, ಎದ್ದು ಕೂತು ಕಂಡಕಂಡವರನ್ನು ಕೇಳಿದನಂತೆ: ಅದು ನಿಜವೋ, ಇದು ನಿಜವೋ? ಎರಡೂ ಅಲ್ಲ ಎಂದ ಅಷ್ಟಾವಕ್ರ. ಜನಕನಿಗೆ ಬಡತನ ದುಃಸ್ವಪ್ನವಾಗಿತ್ತು. ಪವನ್ ಕುಮಾರ್ ಅವರ ತಾರೆ ಅದನ್ನೇ ಬೇಡಿ ಪಡೆಯುತ್ತಾನೆ, ಅದಕ್ಕೆ ಬಣ್ಣ ತುಂಬುತ್ತಾನೆ. ಹೆಸರು ಗುರುತಿಲ್ಲದೆ ಒಂದು ಟಾರ್ಚ್, ಒಂದು ಬಾಡಿಗೆ ಕೋಣೆ, ಜಗಳವಾಡಲು ಒಬ್ಬಳು ಹುಡುಗಿ. ಇಲ್ಲಿ ಕೂತು ನೋಡುವವರಿಗೆ ಆ ಬಣ್ಣದ ಭಾಗ ಇನ್ನೂ ತುಸು ಹೆಚ್ಚು ತಟ್ಟುತ್ತದೆ. ಅಲ್ಲಿ ಕಾಣುವಂಥ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿವೆ. ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿತು. ಕತ್ತಲಲ್ಲಿ ಟಾರ್ಚ್ ಬಿಟ್ಟು, ಸಾಲು ದಾಟಿಸಿ, 'ಮುಂದೆ ಹೋಗಿ ಸಾರ್, ಮೂರನೇ ಸೀಟು' ಎನ್ನುವ ಆ ಮನುಷ್ಯ ಈಗ ಬೆಂಗಳೂರಿನಲ್ಲೂ ಅಪರೂಪ.