ಗುಟ್ಟು ತೆರೆಯುವ ಹಕ್ಕು: ಎರಡು ಮಹಾಯುದ್ಧಗಳ ನಡುವಣ ಬ್ರಿಟನ್

1926ರಲ್ಲಿ ಬ್ರಿಟನ್ನಿನ ಸಂಸತ್ತು ಮನೆತನದ ಗುಟ್ಟಿಗೆ ಸಂಬಂಧಿಸಿದ ಎರಡು ಕಾಯಿದೆಗಳನ್ನು ಅಂಗೀಕರಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ ಮೊದಲನೆಯದು ದತ್ತು ಮಕ್ಕಳಿಗೆ ಪ್ರತ್ಯೇಕ ನೋಂದಣಿ ಪುಸ್ತಕ ತೆರೆಯಿತು. ಆ ಪುಸ್ತಕಕ್ಕೂ ಮೂಲ ಜನನ ದಾಖಲೆಗೂ ಇದ್ದ ಕೊಂಡಿಯನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಯಾರೂ ನೋಡುವಂತಿರಲಿಲ್ಲ. ಸ್ಕಾಟ್ಲೆಂಡಿನ 1930ರ ಕಾಯಿದೆ ಹದಿನೇಳು ತುಂಬಿದ ದತ್ತು ಮಕ್ಕಳಿಗೆ ಆ ದಾಖಲೆ ತೋರಿಸಿತು. ಇಂಗ್ಲೆಂಡಿನ ದತ್ತು ಮಕ್ಕಳು ಅದೇ ಹಕ್ಕಿಗಾಗಿ 1975ರ ಕಾಯಿದೆಯವರೆಗೆ ಕಾಯಬೇಕಾಯಿತು. ಯಾರ ಹುಟ್ಟಿನ ಗುಟ್ಟೋ ಅವರಿಗೇ ಅದು ನಿಷಿದ್ಧವಾಗಿತ್ತು. ಈ ಅವಧಿಯಲ್ಲಿ ಏನೇನನ್ನು ಮುಚ್ಚಿಟ್ಟರು ಎಂಬುದರ ಜೊತೆಗೆ, ತೆರೆಯುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನೂ ಕೇಳಲೇಬೇಕು.

ಎರಡನೆಯ ಕಾಯಿದೆ ವಿಚ್ಛೇದನ ಮೊಕದ್ದಮೆಗಳ ಸಾಕ್ಷ್ಯವನ್ನು ಪತ್ರಿಕೆಗಳು ವಿವರವಾಗಿ ಅಚ್ಚು ಹಾಕದಂತೆ ತಡೆಯಿತು. ಅದಕ್ಕೂ ಮುಂಚೆ ರಸೆಲ್ ದಂಪತಿಯ ಮೊಕದ್ದಮೆಯ ವರದಿಗಳು ಅರಸ ಐದನೇ ಜಾರ್ಜ್‌ಗೂ ಹೇಸಿಗೆ ಹುಟ್ಟಿಸಿದ್ದವು. ಆದರೆ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದರೂ ಕೋರ್ಟಿನೊಳಗಿನ ನಾಟಕ ನಿಲ್ಲಲಿಲ್ಲ. ಆಗ ವಿಚ್ಛೇದನಕ್ಕೆ ವ್ಯಭಿಚಾರವೇ ಮುಖ್ಯ ಆಧಾರ. ಗಂಡ ಹೆಂಡತಿ ಮಾತಾಡಿಕೊಂಡು ಅರ್ಜಿ ಹಾಕಿದ್ದು ತಿಳಿದರೆ ಅರ್ಜಿಯೇ ವಜಾ. ಹಾಗಾಗಿ ಗಂಡ ದುಡ್ಡು ಕೊಟ್ಟು ಗೊತ್ತುಮಾಡಿದ ಹೆಂಗಸಿನೊಡನೆ ಬ್ರೈಟನ್‌ನಂಥ ಕಡಲತೀರದ ಊರಿನ ಹೋಟೆಲಿಗೆ ಹೋಗುತ್ತಿದ್ದ. ಇಬ್ಬರ ನಡುವೆ ಏನೂ ನಡೆಯದಿದ್ದರೂ ಚಿಂತೆಯಿಲ್ಲ, ಬೆಳಗಿನ ಚಹಾ ತರುವ ಕೆಲಸದಾಕೆಯ ಕಣ್ಣಿಗೆ ಅವರು ಒಂದೇ ಹಾಸಿಗೆಯಲ್ಲಿ ಬೀಳಬೇಕು. ಹೋಟೆಲಿನ ಬಿಲ್ಲು ಹೆಂಡತಿಯ ಕೈ ಸೇರುತ್ತಿತ್ತು. ಕೆಲಸದಾಕೆ ಕಟಕಟೆ ಹತ್ತಿ ಕಂಡದ್ದನ್ನು ಪ್ರಮಾಣ ಮಾಡಿ ಹೇಳುತ್ತಿದ್ದಳು. ಅರ್ಜಿದಾರರೂ ದಾಂಪತ್ಯಕ್ಕೆ ತಪ್ಪಿದ್ದರೆ ಅದನ್ನು ಬರೆದು, ಲಕೋಟೆಯಲ್ಲಿ ಮುಚ್ಚಿ, ನ್ಯಾಯಾಧೀಶರಿಗೆ ಒಪ್ಪಿಸಬೇಕಿತ್ತು. ಮೊದಲ ತೀರ್ಪಿನ ಮೇಲೂ ಆರು ತಿಂಗಳ ಕಾಯುವಿಕೆ. ಅಷ್ಟರಲ್ಲಿ ಕಿಂಗ್ಸ್ ಪ್ರಾಕ್ಟರ್ ಎಂಬ ಸರ್ಕಾರಿ ಅಧಿಕಾರಿ ಒಳಒಪ್ಪಂದದ ಸುಳಿವು ಹಿಡಿದು ಎಲ್ಲವನ್ನೂ ಕೆಡಿಸಬಹುದಿತ್ತು. ಮರ್ಯಾದೆಯಿಂದ ಬೇರೆಯಾಗಬಯಸಿದವರನ್ನು ಕಾನೂನೇ ಸುಳ್ಳಿಗೆ ದೂಡಿದ್ದು ನನಗೆ ಈ ಕಾಲದ ಅತಿ ಕ್ರೂರ ಸಂಗತಿಯಾಗಿ ಕಾಣುತ್ತದೆ. ಎ.ಪಿ. ಹರ್ಬರ್ಟ್ 1934ರಲ್ಲಿ ಇದನ್ನೇ ಕಾದಂಬರಿಯಾಗಿಸಿದರು. ಮುಂದೆ ಸಂಸತ್ತಿಗೆ ಹೋಗಿ, ಕ್ರೌರ್ಯ ಮತ್ತು ಪರಿತ್ಯಾಗವನ್ನೂ ಆಧಾರವಾಗಿಸಿದ 1937ರ ಕಾಯಿದೆಯನ್ನು ಮಾಡಿಸಿದರು.

ಇಪ್ಸ್‌ವಿಚ್ ನ್ಯಾಯಾಲಯದಲ್ಲಿ 1936ರ ಅಕ್ಟೋಬರ್ 27ರಂದು ವಾಲಿಸ್ ಸಿಂಪ್ಸನ್ ಪಡೆದ ವಿಚ್ಛೇದನಕ್ಕೂ ಹೋಟೆಲ್ ಕೆಲಸಗಾರರೇ ಸಾಕ್ಷಿ. ಆಕೆಗೂ ಅರಸ ಎಂಟನೇ ಎಡ್ವರ್ಡ್‌ಗೂ ಇದ್ದ ನಂಟು ಅಮೆರಿಕದ ಓದುಗರಿಗೆ ಗೊತ್ತಿತ್ತು. ಬ್ರಿಟನ್ನಿನ ಪತ್ರಿಕಾ ಒಡೆಯರು ಮಾತ್ರ ಅರಸನ ಕೋರಿಕೆಯಂತೆ ಮೌನ ಪಾಲಿಸಿದರು. ಆಮದಾದ ಅಮೆರಿಕದ ನಿಯತಕಾಲಿಕಗಳ ಹಾಳೆಗಳನ್ನು ವಿತರಕರು ಕತ್ತರಿಸಿ ಮಾರಿದರು. ಡಿಸೆಂಬರ್ 3ರಂದು ಸುದ್ದಿ ಅಚ್ಚಾಯಿತು. ಎಂಟೇ ದಿನಗಳಲ್ಲಿ ಎಡ್ವರ್ಡ್ ಅರಸನಾಗಿ ಉಳಿದಿರಲಿಲ್ಲ.

ಸರ್ಕಾರದ ಗುಟ್ಟುಗಳಲ್ಲೂ ಇದೇ ತಾರತಮ್ಯ. 1927ರ ಮೇ ತಿಂಗಳಲ್ಲಿ ಪ್ರಧಾನಿ ಬಾಲ್ಡ್‌ವಿನ್, ಸೋವಿಯತ್ ವಿರುದ್ಧದ ಆರೋಪ ಸಾಬೀತುಪಡಿಸಲು, ತಮ್ಮ ಗೂಢಲಿಪಿ ಶಾಖೆ ಭೇದಿಸಿದ್ದ ತಂತಿಗಳನ್ನೇ ಸಂಸತ್ತಿನಲ್ಲಿ ಓದಿದರು. ಮಾಸ್ಕೋ ಎಚ್ಚೆತ್ತು ಭೇದಿಸಲಾಗದ ಸಂಕೇತಕ್ಕೆ ಬದಲಾಯಿತು. ವರ್ಷಗಳ ಶ್ರಮ ನೀರುಪಾಲಾಯಿತು. ಪ್ರಧಾನಿಯನ್ನು ಯಾರೂ ಕಟಕಟೆಗೆ ಎಳೆಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗ್ರೀಸ್‌ನಲ್ಲಿ ಗೂಢಚಾರಿಕೆ ನಡೆಸಿದ್ದ ಕಾದಂಬರಿಕಾರ ಕಾಂಪ್ಟನ್ ಮೆಕೆಂಝಿ, 1932ರಲ್ಲಿ ಆ ನೆನಪುಗಳನ್ನು ಪ್ರಕಟಿಸಿದ್ದಕ್ಕೆ ಸರ್ಕಾರಿ ರಹಸ್ಯ ಕಾಯಿದೆಯಡಿ 100 ಪೌಂಡ್ ದಂಡ ತೆತ್ತರು.

ಅದೇ ಮಾದರಿಯ ಕಾಯಿದೆಯನ್ನು ವಸಾಹತು ಸರ್ಕಾರ 1923ರಲ್ಲಿ ಭಾರತಕ್ಕೆ ತಂದಿತು. ಅಪ್ಪಣೆಯಿಲ್ಲದೆ ಸರ್ಕಾರಿ ಮಾಹಿತಿ ಹೊರಗೆಡಹುವುದನ್ನೇ ಅಪರಾಧವಾಗಿಸಿದ್ದ ತನ್ನ ಕಾಯಿದೆಯ ಕುಖ್ಯಾತ ಎರಡನೇ ಸೆಕ್ಷನ್ನನ್ನು ಬ್ರಿಟನ್ 1989ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯ 22ನೇ ಸೆಕ್ಷನ್ ಆ ಹಳೆಯ ಕಾಯಿದೆಗಿಂತ ಮೇಲುಗೈ ಪಡೆದಿದ್ದರೂ, 1923ರ ಕಾಯಿದೆ ಇಂದಿಗೂ ಜಾರಿಯಲ್ಲಿದೆ.